ಎರಡು ಕೊಡ ನೀರು ಕುಡಿದ ಕಾರು

ಬಳ್ಳಾರಿಯ ನಮ್ಮ ಮನೆ ಗೇಟಿನಿಂದ ಕೊಪ್ಪಳದ ಕಾಲೇಜಿನ ಬೇವಿನ ಮರದವರೆಗೆ ನನ್ನ ಕಾರಿನ ಮೀಟರಿನಲ್ಲಿ 95 ಕಿಲೋಮೀಟರು. ಹೋಗಿ ಬಂದರೆ 190. ಹೆಂಡತಿಯ ನೌಕರಿ ಬಳ್ಳಾರಿಯಲ್ಲಿ, ನನ್ನದು ಕೊಪ್ಪಳದಲ್ಲಿ. ಇಬ್ಬರಲ್ಲಿ ಯಾರ ವರ್ಗಾವಣೆ ಮೊದಲಾಗುತ್ತದೋ ಎಂದು ಕಾಯುತ್ತಲೇ ನಾಲ್ಕು ವರ್ಷ ಕಳೆಯಿತು. ಹಂಪಿ ಎಕ್ಸ್‌ಪ್ರೆಸ್ ನಸುಕಿನಲ್ಲೇ ಹೋಗಿಬಿಡುತ್ತದೆ. ಬಸ್ಸು ಹಿಡಿದರೆ ಮೊದಲ ಪಿರಿಯಡ್ ಸಿಗುವುದಿಲ್ಲ. ಹಾಗಾಗಿ ಫಿಸಿಕ್ಸ್ ಮೇಡಂ, ಹಿಸ್ಟರಿ ಸರ್, ಲೈಬ್ರರಿಯನ್ ಮತ್ತು ನಾನು, ನಾಲ್ವರೂ ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಅದಿರು ಲಾರಿಗಳ ಹಿಂದೆ ಹಿಂದೆ ಹೋಗಿ ಬರುತ್ತೇವೆ.

ನಾನು ಕಾಮರ್ಸ್ ಮೇಷ್ಟ್ರು, ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ. ಲೀಟರಿಗೆ 17 ಕಿಲೋಮೀಟರು, ಪೆಟ್ರೋಲು 104 ರೂಪಾಯಿ ಹಿಡಿದರೆ ದಿನಕ್ಕೆ 1,160. ಎಲೆಕ್ಟ್ರಿಕ್ ಕಾರಾದರೆ 34 ಯೂನಿಟ್ಟು ಸಾಕು, ಯೂನಿಟ್ಟಿಗೆ 6 ರೂಪಾಯಿ ಅಂದುಕೊಂಡರೂ 204. ತಿಂಗಳಿಗೆ 22 ದಿನವೆಂದರೆ 21 ಸಾವಿರ ಉಳಿತಾಯ! ಕಾರಿನ ಕಂತು ಅದರಲ್ಲೇ ಕಟ್ಟಿದಂತಾಯಿತು ಎಂದು ಹೆಂಡತಿಗೆ ಕಾಗದ ತೋರಿಸಿದೆ. ಅವಳು ಒಂದು ಸಲ ಓದಿ, "ಈ 1,160ರಾಗ ನೀವು ಕೊಡೋದು ಎಷ್ಟು?" ಎಂದಳು.

ನಾನು ಕೊಡುವುದು 260. ಉಳಿದ ಮೂವರು ತಲಾ 300 ಕೊಡುತ್ತಾರೆ.

ಅಂದರೆ ಆ 21 ಸಾವಿರದಲ್ಲಿ ಹೆಚ್ಚಿನ ಪಾಲು ಹಿಸ್ಟರಿ ಸರ್, ಮೇಡಂ, ಲೈಬ್ರರಿಯನ್ ಅವರದು. ಕರೆಂಟಿನ ಖರ್ಚನ್ನು ನಾಲ್ವರೂ ಸಮನಾಗಿ ಹಂಚಿಕೊಂಡರೆ ನನಗೆ ಉಳಿಯುವುದು ತಿಂಗಳಿಗೆ 4,600ರ ಸುಮಾರು. ಎಲೆಕ್ಟ್ರಿಕ್ ಕಾರಿನ ಸಾಲದ ಬಡ್ಡಿಗಿದ್ದ ಆದಾಯ ತೆರಿಗೆ ವಿನಾಯಿತಿ, ಅದೇ 80ಇಇಬಿ ಕಲಮು, 2023ರ ಮಾರ್ಚ್ ಕೊನೆಯವರೆಗೆ ಮಂಜೂರಾದ ಸಾಲಕ್ಕೆ ಮಾತ್ರ. ಅದೂ ಕೈತಪ್ಪಿತ್ತು. ಇದನ್ನು ಕಾರಿನಲ್ಲಿ ಹೇಳಿದಾಗ ಹಿಸ್ಟರಿ ಸರ್ ಹಿಂದಿನ ಸೀಟಿನಿಂದ, "ಹಂಗಾರ ಇನ್ಮ್ಯಾಲೆ ನಮಗೆ ಐವತ್ತು ರೂಪಾಯಿ ಏನ್ರಿ ಸರ? ಲಗೂನ ತಗೋರಿ ಮತ್ತ" ಎಂದರು.

ಏಪ್ರಿಲ್ ಕೊನೆಯ ವಾರ ಭಾಮೈದ ತಿರುಪತಿಗೆ ಹೊರಟ. ಅವನದು ಎಲೆಕ್ಟ್ರಿಕ್ ಕಾರು. "ಭಾವ, ಮೂರು ದಿನ ನೀವ ಇಟ್ಕೊಂಡು ಓಡಿಸಿ ನೋಡ್ರಿ. ಕಾಗದದ ಮ್ಯಾಲೆ ಲೆಕ್ಕ ಹಾಕಿದ್ರ ಆಗಂಗಿಲ್ಲ" ಎಂದು ಕೀಲಿ ಕೊಟ್ಟು ಹೋದ. ಬ್ಯಾಟರಿ 40.5 ಕಿಲೋವ್ಯಾಟ್ ಅವರ್. ಅದೇನು ದೊಡ್ಡ ಮಾತಲ್ಲ, ಜೆಸ್ಕಾಂ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಅದು. ನಾಲ್ಕೂವರೆ ನೂರಕ್ಕೂ ಹೆಚ್ಚು ಕಿಲೋಮೀಟರು ಓಡುತ್ತದೆ ಎಂದು ಕಂಪನಿಯ ಕಾಗದ ಹೇಳುತ್ತಿತ್ತು.

ಸೋಮವಾರ ಬೆಳಿಗ್ಗೆ ಏಳಕ್ಕೆ ನೂರಕ್ಕೆ ನೂರು ಚಾರ್ಜಿನಲ್ಲಿ ಹೊರಟೆವು. ಕಾರು ಸದ್ದಿಲ್ಲದೆ ಹೋಗುವುದಕ್ಕೆ ನಮಗೇ ಮುಜುಗರ. ಮಾತು ನಿಲ್ಲಿಸಿದರೆ ಲೈಬ್ರರಿಯನ್ ಅವರ ಡಬ್ಬಿಯೊಳಗಿನ ಚಮಚೆಯ ಸಪ್ಪಳವೂ ಕೇಳಿಸುತ್ತಿತ್ತು. ಕುಡತಿನಿಯ ಹತ್ತಿರ ಬಳ್ಳಾರಿ ಥರ್ಮಲ್ ಸ್ಟೇಷನ್ನಿನ ಚಿಮಣಿಗಳು ಕಂಡವು. 1,700 ಮೆಗಾವ್ಯಾಟಿನ ಸ್ಥಾವರ ಅದು, ಉರಿಯುವುದು ಕಲ್ಲಿದ್ದಲು.

"ಸರ, ನಮ್ಮ ಕಾರಿನ ಹೊಗಿ ಅಲ್ಲಿ ಬರಾಕತ್ತೈತಿ ನೋಡ್ರಿ" ಎಂದರು ಹಿಸ್ಟರಿ ಸರ್.

ಫಿಸಿಕ್ಸ್ ಮೇಡಂ ಬಿಡಲಿಲ್ಲ. ಪೆಟ್ರೋಲ್ ಇಂಜಿನ್ನು ಕುಡಿದದ್ದರಲ್ಲಿ ಮುಕ್ಕಾಲು ಪಾಲನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ, ಮೋಟಾರು ಹಾಗಲ್ಲ, ತಿಂದದ್ದನ್ನು ಬಹುಪಾಲು ಗಾಲಿಗೇ ಕೊಡುತ್ತದೆ ಎಂದರು. ಹೊಸಪೇಟೆ ದಾಟಿ ಮುನಿರಾಬಾದ್ ಬಂದಾಗ ಡ್ಯಾಮಿನ ಪವರ್‌ಹೌಸ್ ಕಡೆಗೆ ಕೈ ತೋರಿಸಿ, "ಅರ್ಧ ಹೊಗಿ, ಅರ್ಧ ನೀರು ಅಂತ ಇಟ್ಕೋರಿ" ಎಂದು ರಾಜಿ ಮಾಡಿಸಿದರು. ನಾನು ನೂರರಲ್ಲಿ ಹೋಗುತ್ತಿದ್ದುದನ್ನು ನೋಡಿ ಎಂಬತ್ತಕ್ಕೆ ಇಳಿಸಲು ಹೇಳಿದ್ದೂ ಅವರೇ. ವೇಗ ಎಂಬತ್ತರಿಂದ ನೂರಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಆಗುತ್ತದಂತೆ. ಊರೊಳಗೆ ಬ್ರೇಕು ಹಿಡಿದಾಗಲೆಲ್ಲ ಒಂದಿಷ್ಟು ಕರೆಂಟು ಬ್ಯಾಟರಿಗೆ ವಾಪಸ್ ಬರುತ್ತದೆ. ಹೈವೇಯಲ್ಲಿ ಆ ಆದಾಯವೂ ಇಲ್ಲ. ಕೊಪ್ಪಳ ಮುಟ್ಟಿದಾಗ ಉಳಿದದ್ದು ನೂರಕ್ಕೆ 62. ಪೂರ್ತಿ ಖಾಲಿಯಾಗುವವರೆಗೆ ಓಡಿಸಿದರೆ 250 ಕಿಲೋಮೀಟರು. ಕಾಗದದ ಮಾತು ಕಾಗದದಲ್ಲೇ ಉಳಿಯಿತು. ಆದರೂ ನಮಗೆ ಬೇಕಾದದ್ದು 190 ತಾನೆ?

ಸಂಜೆ ವಾಪಸ್ ಬರುವಾಗ ತೋರಣಗಲ್ಲಿನ ಹತ್ತಿರ ಲಾರಿಯೊಂದು ಅಡ್ಡ ಬಿದ್ದು ಒಂದೂವರೆ ತಾಸು ನಿಂತೆವು. ಹೊರಗೆ ಡಾಂಬರು ಕರಗುವ ಬಿಸಿಲು. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಭಾರಿ ಬೇಸಿಗೆ ಎನ್ನುವುದು ಸುಮ್ಮನೆ ಅಲ್ಲ. ಎಸಿ ಆರಿಸೋಣವೇ ಎಂದು ಕೇಳಿದೆ. ಲೈಬ್ರರಿಯನ್ ಮುಖ ನೋಡಿ ಸುಮ್ಮನಾದೆ. ನಿಂತ ಕಾರಿನಲ್ಲಿ ಎಸಿ ಬ್ಯಾಟರಿಯನ್ನು ನುಂಗಿಬಿಡುತ್ತದೆ ಎಂದು ಹೆದರಿದ್ದೆ. ಒಂದೂವರೆ ತಾಸಿಗೆ ತಿಂದದ್ದು ನೂರಕ್ಕೆ ನಾಲ್ಕು. ನಾನು ಹೆದರಿದ ಕಡೆ ಏನೂ ಆಗಲಿಲ್ಲ.

ಆದದ್ದು ಮನೆಯಲ್ಲಿ. ರಾತ್ರಿ ಒಂಬತ್ತೂವರೆಗೆ ನೂರಕ್ಕೆ 20 ಇದ್ದಾಗ ಪೋರ್ಚಿನ ಹದಿನೈದು ಆಂಪ್ ಪ್ಲಗ್ಗಿಗೆ ಹಾಕಿದೆ. ಆ ಪ್ಲಗ್ಗಿನಿಂದ ತಾಸಿಗೆ ಮೂರು ಯೂನಿಟ್ಟು ಬಂದರೆ ದೊಡ್ಡದು, ಅದರಲ್ಲೂ ಸ್ವಲ್ಪ ಚಾರ್ಜರಿನಲ್ಲೇ ಬಿಸಿಯಾಗಿ ಹೋಗುತ್ತದೆ. ಇಡೀ ರಾತ್ರಿ ಕೊಟ್ಟರೂ ನನ್ನ 190 ಕಿಲೋಮೀಟರಿಗೆ ಸರಿಹೋಗುವಷ್ಟೇ. ಹನ್ನೊಂದಕ್ಕೆ ಗಾಳಿ ಎದ್ದಿತು, ಹಿಂದೆಯೇ ನಾಲ್ಕು ಹನಿ ಮಳೆ, ಕರೆಂಟು ಹೋಯಿತು. ಎಲ್ಲೋ ತಂತಿ ಹರಿದಿತ್ತಂತೆ. ಬಂದದ್ದು ಎರಡೂವರೆಗೆ. ಇಷ್ಟು ದಿನ ಕರೆಂಟು ಹೋದರೆ ಸೊಳ್ಳೆ ಕಡಿಯುತ್ತಿತ್ತು, ಅಷ್ಟೆ. ಅವತ್ತು ಮಂಚದ ಮೇಲೆ ಕೂತು ಕಿಲೋಮೀಟರು ಎಣಿಸಿದೆ. ಬೆಳಿಗ್ಗೆ ನೋಡಿದರೆ ನೂರಕ್ಕೆ 61. ಹೋಗುವುದಕ್ಕೆ ಸಾಕು, ಬರುವುದಕ್ಕಿಲ್ಲ.

ಹೊಸಪೇಟೆಯಲ್ಲಿ ಫಾಸ್ಟ್ ಚಾರ್ಜರ್ ಇದೆಯಲ್ಲ, ಅರ್ಧ ತಾಸಿನಲ್ಲಿ ಆಗುತ್ತದೆ, ಅಷ್ಟರೊಳಗೆ ಒಗ್ಗರಣಿ ಮಿರ್ಚಿ ತಿನ್ನೋಣ ಎಂದು ಎಲ್ಲರನ್ನೂ ಹುರಿದುಂಬಿಸಿ ಹೊರಟೆ. ಅಲ್ಲಿ ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಗನ್ ಎರಡು. ಒಂದಕ್ಕೆ "ಕೆಟ್ಟಿದೆ" ಎಂದು ರಟ್ಟು ಕಟ್ಟಿದ್ದರು. ಇನ್ನೊಂದರಲ್ಲಿ ಹಂಪಿಗೆ ಬಂದ ಟ್ಯಾಕ್ಸಿ. ಡ್ರೈವರು ಸೀಟು ಒರಗಿಸಿ ಮಲಗಿದ್ದವನು ಕಣ್ಣು ತೆರೆದು, "ಇನ್ನೂ ನಲವತ್ತು ಮಿನಿಟ್ ಐತ್ರಿ ಸರ" ಎಂದು ಮತ್ತೆ ಮುಚ್ಚಿದ. ಒಗ್ಗರಣಿ ಮಿರ್ಚಿ ಕಟ್ಟಿಸಿಕೊಂಡು ಹೊರಟೆವು. ಕಾಲೇಜು ಸೇರಿದಾಗ ನೂರಕ್ಕೆ 23.

ಲ್ಯಾಬಿನ ಹಿಂದಿನ ಗೋಡೆಯಲ್ಲಿ ಹದಿನೈದು ಆಂಪ್ ಪ್ಲಗ್ ಇತ್ತು. ಪ್ರಿನ್ಸಿಪಾಲರು "ಇವತ್ತೊಂದಿನ ಹಾಕ್ರಿ" ಎಂದರು. ಹಾಕಿದರೆ ಚಾರ್ಜರಿನಲ್ಲಿ ಕೆಂಪು ದೀಪ. ತೆಗೆದು ಹಾಕಿದರೂ ಕೆಂಪು. ಮೇಡಂ ಬಂದು ನೋಡಿ, "ಅರ್ತಿಂಗ್ ಇಲ್ರಿ ಇದಕ್ಕ" ಎಂದರು. ಮಿಕ್ಸರು, ಗ್ರೈಂಡರು ಅರ್ತಿಂಗ್ ಇಲ್ಲದಿದ್ದರೂ ತಿರುಗುತ್ತವೆ. ಈ ಚಾರ್ಜರು ಮಾತ್ರ ನೆಲದ ಸಂಪರ್ಕ ಸರಿಯಿಲ್ಲದಿದ್ದರೆ ಒಂದು ಯೂನಿಟ್ಟೂ ಒಳಗೆ ಬಿಡುವುದಿಲ್ಲ. ಗೋಡೆಯ ಬುಡದಲ್ಲಿ ಅರ್ತಿಂಗ್ ಗುಂಡಿ ಇತ್ತು. ಉಪ್ಪು, ಇದ್ದಿಲು ಹಾಕಿ ಮುಚ್ಚಿದ್ದು ಯಾವ ಕಾಲದಲ್ಲೋ. ಮಣ್ಣು ಒಣಗಿ ಬೆರಳು ತೂರುವಷ್ಟು ಬಿರುಕು ಬಿಟ್ಟಿತ್ತು.

ಮೇಡಂ ಅಟೆಂಡರನ್ನು ಕರೆದು, "ಎರಡು ಕೊಡ ನೀರು ಹಾಕಪ್ಪ ಇದಕ್ಕ" ಎಂದರು. ಅವನು ನನ್ನ ಮುಖ ನೋಡಿದ. ಕಾರಿಗೋ ಗುಂಡಿಗೋ ಎಂದು ಅನುಮಾನ ಅವನಿಗೆ. ಮೊದಲ ಕೊಡ ಸದ್ದು ಮಾಡುತ್ತ ಇಂಗಿಹೋಯಿತು. ಎರಡನೆಯದು ನಿಧಾನ ಇಳಿಯಿತು. ಹತ್ತು ನಿಮಿಷ ಬಿಟ್ಟು ಮತ್ತೆ ಪ್ಲಗ್ ಹಾಕಿದೆ. ಹಸಿರು.

ಕಿಟಕಿಯಲ್ಲಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಹಿಸ್ಟರಿ ಸರ್ ಮಾತ್ರ "ನೀರು ಕುಡಿದು ಓಡೋ ಗಾಡಿ ನಿಜಾಮರ ಕಾಲದಾಗೂ ಇತ್ತು, ಎತ್ತು ಕಟ್ಟತಿದ್ರು" ಎಂದರು.

ಸಂಜೆ ನಾಲ್ಕೂವರೆಗೆ ನೂರಕ್ಕೆ 70 ಆಗಿತ್ತು. ಮನೆಗೆ ಬಂದಾಗಲೂ 32 ಉಳಿದಿತ್ತು. ಅವತ್ತು ರಾತ್ರಿ ಕರೆಂಟು ಹೋಗಿದ್ದರೂ ನಾನು ಏಳುತ್ತಿರಲಿಲ್ಲ. ಎರಡೂ ತುದಿಯಲ್ಲಿ ಪ್ಲಗ್ ಇದ್ದರೆ ಈ ದಾರಿಗೆ ಈ ಕಾರು ಧಾರಾಳ ಸಾಕು. ಒಂದೇ ತುದಿಯಲ್ಲಿದ್ದರೆ ಪ್ರತಿ ರಾತ್ರಿ ಆಕಾಶ ನೋಡುತ್ತ ಮಲಗಬೇಕು.

ಮರುದಿನ ಪ್ರಿನ್ಸಿಪಾಲರ ಮುಂದೆ ಕೂತು, ಬೇರೆ ಸಬ್ ಮೀಟರ್ ಹಾಕಿಸಿ, ಓಡಿದಷ್ಟು ಯೂನಿಟ್ಟಿನ ದುಡ್ಡು ಕಟ್ಟುತ್ತೇನೆ ಎಂದೆ. "ನಿಮಗ ಕೊಟ್ರ ನಾಳೆ ಎಲ್ಲಾರೂ ಕೇಳ್ತಾರ್ರಿ. ಬರದು ಕೊಡ್ರಿ, ಮ್ಯಾಲೆ ಕಳಸ್ತೀನಿ" ಎಂದರು. ಬರೆದು ಕೊಟ್ಟೆ.

ಮನೆಯದು ಬೇರೆ ಕಥೆ. ಗೃಹಜ್ಯೋತಿಯಲ್ಲಿ ನಮ್ಮ ಬಿಲ್ಲು ಸೊನ್ನೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು, ದಾಟಿದಷ್ಟಕ್ಕೆ ಮಾತ್ರ ಅಲ್ಲ. ಕಾರು ಒಂದೇ 750 ತಿನ್ನುತ್ತದೆ. ಇದನ್ನು ನನ್ನ ಮೊದಲ ಕಾಗದದಲ್ಲಿ ಬರೆದೇ ಇರಲಿಲ್ಲ. ಇನ್ನೊಂದೂ ಇತ್ತು. ನಾನು ನೋಡಿಟ್ಟ ಕಾರಿನ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರು, ಯಾವುದು ಮೊದಲೋ ಅದು. ರಜೆ ಕಳೆದರೂ ನಾನು ವರ್ಷಕ್ಕೆ 43 ಸಾವಿರ ಓಡಿಸುತ್ತೇನೆ. ಊರೊಳಗೆ ಓಡಿಸುವ ಭಾಮೈದನಿಗೆ ಎಂಟು ವರ್ಷ, ನನಗೆ ನಾಲ್ಕೂ ತುಂಬುವುದಿಲ್ಲ.

ಕಾರು ಬುಕ್ ಮಾಡಿಲ್ಲ. ಕಾರಿಗೆಂದೇ ಎರಡನೇ ಮೀಟರಿಗೆ ಜೆಸ್ಕಾಂನಲ್ಲಿ ಅರ್ಜಿ ಹಾಕಿದ್ದೇನೆ, ಪೋರ್ಚಿನಲ್ಲಿ ಹೊಸ ಅರ್ತಿಂಗ್ ಗುಂಡಿ ತೆಗೆಸಿದ್ದೇನೆ. ಅದಕ್ಕೆ ಹೆಂಡತಿ ದಿನಾ ಸಂಜೆ ತುಳಸಿಗೆ ಹಾಕಿ ಮಿಕ್ಕ ನೀರು ಹಾಕುತ್ತಾಳೆ. ಹಳೆಯ ಪೆಟ್ರೋಲ್ ಕಾರಿನಲ್ಲೇ ಹೋಗಿ ಬರುತ್ತಿದ್ದೇವೆ. ಹಿಂದಿನ ಸೀಟಿನಲ್ಲಿ ಚೌಕಾಶಿ ಮುಂದುವರಿದಿದೆ. ನಾನು 150ಕ್ಕೆ ನಿಂತಿದ್ದೇನೆ, ಹಿಸ್ಟರಿ ಸರ್ 80 ದಾಟಿಲ್ಲ.