ಕಳ್ಳಹೆಜ್ಜೆ ಕಾರ್ಡುಗಳು, ಮೂರನೇ ಕಂತು: 24ರಲ್ಲಿ 15 ಹರಿದು ಹಾಕಿದೆ

ಕೆಟ್ಟ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಎರಡು ತಿಂಗಳು ಕೂತು ಮಾಡಿದ 24 ಕಾರ್ಡುಗಳಲ್ಲಿ 15 ಕಸದ ಬುಟ್ಟಿಗೆ ಹೋದವು.

ಹಿಂದಿನದ್ದು ಓದದವರಿಗೆ ಎರಡು ಮಾತು. ಸದ್ದಿಲ್ಲದೆ ಹೋಗುವುದಕ್ಕೆ, ಅವಿತು ಕೂರುವುದಕ್ಕೆ ಇಂಗ್ಲಿಷಿನಲ್ಲಿ ರಾಶಿ ಪದಗಳಿವೆ. ಅವನ್ನಿಟ್ಟುಕೊಂಡು ಮನೆಮಂದಿ ಆಡುವಂಥ ಒಂದು ಆಟ ಮಾಡುತ್ತಿದ್ದೇನೆ. ಒಬ್ಬರು ಕಾರ್ಡ್ ಎತ್ತಿ ಬಾಯಿ ಬಿಡದೆ ಹಾಗೆ ನಡೆದು ತೋರಿಸಬೇಕು, ಉಳಿದವರು ಯಾವ ಪದ ಅಂತ ಹೇಳಬೇಕು. ಕಾರ್ಡಿಗೆ ಹಳೇ ಲಗ್ನಪತ್ರಿಕೆ ಕತ್ತರಿಸಿದ್ದು. ದಪ್ಪಗಿರುತ್ತವೆ, ಪುಕ್ಕಟೆ, ಮಂಡ್ಯದಲ್ಲಿ ಅದಕ್ಕಂತೂ ಬರವಿಲ್ಲ. ಇದು ಶುರುವಾಗಿದ್ದು ಅಕ್ಕನ ಮಗಳಿಂದ. "ಮಾವ, ಸ್ನೀಕ್‌ಗೂ ಕ್ರೀಪ್‌ಗೂ ಏನು ವ್ಯತ್ಯಾಸ?" ಅಂದಳು. "ಎರಡೂ ಒಂದೇ ಕಣೇ" ಅಂದುಬಿಟ್ಟೆ. ಆ ಉತ್ತರ ರಾತ್ರಿಯೆಲ್ಲ ನನ್ನನ್ನೇ ಕೊರೆಯಿತು.

ಕಾರ್ಡುಗಳ ಹಿಂಬದಿಗೆ ನಾನು ನಿಘಂಟು ನೋಡಿ ಅರ್ಥ ಬರೆದಿದ್ದೆ. ಗುಟ್ಟಾಗಿ ಹೋಗು. ಕಳ್ಳತನದಿಂದ ನಡೆ. ಮೆಲ್ಲಗೆ ಸರಿ. ಹೋದ ಭಾನುವಾರ ಜಗಲಿ ಮೇಲೆ ಮೊದಲ ಸಲ ಆಡಿಸಿದೆ. ನಾಲ್ಕು ಜನ ಹುಡುಗರು, ಎಂಟು ಕಾರ್ಡು, ಎಂಟಕ್ಕೂ ಒಂದೇ ನಡಿಗೆ! ಎಲ್ಲರೂ ತುದಿಗಾಲಲ್ಲಿ, ಕೈ ಎರಡೂ ಎದೆ ಹತ್ತಿರ, ಬೆಕ್ಕಿನ ಥರ. ಯಾರೂ ಏನೂ ಹೇಳಲಾಗಲಿಲ್ಲ, ಹೇಳುವುದಾದರೂ ಹೇಗೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅವ್ವ ತಲೆ ಎತ್ತದೆ ಅಂದಳು: "ಕಾಲ್ ನೋಡುದ್ರೆ ಏನ್ ಗೊತ್ತಾಯ್ತದೆ? ಯಾಕ್ ಹೋಯ್ತಾವ್ನೆ ಅಂತ ಹೇಳಪ್ಪ."

ಅಲ್ಲಿಗೆ ನನ್ನ ಎರಡು ತಿಂಗಳ ಕೆಲಸ ಮುಗಿಯಿತು. ಇಂಗ್ಲಿಷಿನ ಒಂದೇ ಪದದೊಳಗೆ ನಡಿಗೆಯ ಜೊತೆ ನಡೆಯುವವನ ಮನಸ್ಸೂ ಇದೆ. ನಾನು ಬರೀ ನಡಿಗೆ ಬರೆದುಕೊಂಡಿದ್ದೆ. ಹಾಗಾಗಿ ಈಗ ಕಾರ್ಡಿನ ಹಿಂದೆ ಅರ್ಥ ಇಲ್ಲ, ಒಂದು ಸನ್ನಿವೇಶ ಇದೆ.

ಸ್ನೀಕ್ ಸುಲಭ. ಸೆಕೆಂಡ್ ಶೋ ಮುಗಿಸಿ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಿಂದ ಒಳಗೆ ಬರುವುದು. ಯಾರಿಗೂ ಗೊತ್ತಾಗಬಾರದು, ಅಷ್ಟೇ. ರಬ್ಬರ್ ಅಟ್ಟೆಯ ಬೂಟಿಗೆ ಸ್ನೀಕರ್ಸ್ ಅನ್ನುವ ಹೆಸರು ಬಂದದ್ದೂ ಸದ್ದಾಗುವುದಿಲ್ಲ ಅಂತಲೇ. ಕ್ರೀಪ್‌ನಲ್ಲಿ ಗುಟ್ಟಿಗಿಂತ ನಿಧಾನ ಜಾಸ್ತಿ, ನೆಲಕ್ಕೆ ಹತ್ತಿರ ಬೇರೆ. ಬಳ್ಳಿಗೆ ಅವರು ಕ್ರೀಪರ್ ಅನ್ನುತ್ತಾರೆ, ಬಳ್ಳಿ ಯಾರಿಂದ ತಪ್ಪಿಸಿಕೊಳ್ಳಬೇಕು ಹೇಳಿ! ತರಕಾರಿ ಬೆಲೆಯೂ ಕ್ರೀಪ್ ಆಗುತ್ತದೆ. ಮಂಜೂ ಆಗುತ್ತದೆ. ನೋಡನೋಡುತ್ತ ಇಷ್ಟಿಷ್ಟೇ ಬಂದು ಕೂತಿರುತ್ತದೆ.

ಸ್ಲಿಂಕ್ ಅರ್ಥವಾಗಿದ್ದು ನಾಯಿಯಿಂದ. ನಮ್ಮ ಬೀದಿಯ ಕಂದು ನಾಯಿ ಎದುರು ಮನೆಯವರ ಬಾಡಿನ ಪಾತ್ರೆಗೆ ಬಾಯಿ ಹಾಕಿತ್ತು. ಒಳಗಿಂದ ಒಂದು ಕೂಗು ಬಿತ್ತು ನೋಡಿ. ಓಡಲಿಲ್ಲ. ಹೊಟ್ಟೆ ನೆಲಕ್ಕೆ ತಗಲುವಷ್ಟು ಬಗ್ಗಿತು, ಕಿವಿ ಹಿಂದಕ್ಕೆ ಹೋಯಿತು, ಬಾಲ ಮುದುಡಿತು. ಗೋಡೆ ಒತ್ತಿಕೊಂಡು ಸರಿಯುತ್ತಾ, ಮೂಲೆ ತಿರುಗುವ ಮುಂಚೆ ಒಂದೇ ಒಂದು ಸಲ ಹಿಂದೆ ನೋಡಿ ಮಾಯವಾಯಿತು. ಪಾತ್ರೆಗೆ ಬಂದದ್ದು ಸ್ನೀಕ್, ಹೋದದ್ದು ಸ್ಲಿಂಕ್. ಸಿಕ್ಕಿಬಿದ್ದರೇನೇ ಸ್ಲಿಂಕ್ ಅಂತೇನಿಲ್ಲ, ಆದರೆ ಅದರಲ್ಲಿ ಒಂಚೂರು ನಾಚಿಕೆಯೋ ಹೆದರಿಕೆಯೋ ಇರುತ್ತದೆ. ನಮ್ಮಲ್ಲಿ 'ಬಾಲ ಮುದುಡಿಕೊಂಡು ಹೋದ' ಅನ್ನುತ್ತೇವಲ್ಲ, ಹತ್ತಿರ ಹತ್ತಿರ ಅದೇ. ಅಕ್ಕನ ಮಗಳು ಈ ಕಾರ್ಡ್ ಎತ್ತಿ ಆ ನಾಯಿಯನ್ನೇ ಮಾಡಿ ತೋರಿಸಿದಳು, ಎರಡು ಸೆಕೆಂಡಿನಲ್ಲಿ ಎಲ್ಲರೂ ಹೇಳಿಬಿಟ್ಟರು.

ಲರ್ಕ್, ಪ್ರೌಲ್, ಸ್ಟಾಕ್ ಮೂರನ್ನೂ ಚಿರತೆಗೆ ಬಿಟ್ಟಿದ್ದೇನೆ. ನಮ್ಮ ಕಡೆಯವರಿಗೆ ಬೇರೆ ಉದಾಹರಣೆ ಯಾಕೆ ಬೇಕು? ಕಬ್ಬು ಹತ್ತು ಹನ್ನೆರಡು ತಿಂಗಳ ಬೆಳೆ, ಬೆಳೆದ ಮೇಲೆ ಆಳೆತ್ತರ ನಿಂತಿರುತ್ತದೆ, ಅದರೊಳಗೆ ಚಿರತೆ ಮರಿ ಹಾಕಿದ್ದು ಕಟಾವಿಗೆ ಇಳಿದಾಗಲೇ ಗೊತ್ತಾಗುವುದು. ಹಗಲು ಗದ್ದೆಯೊಳಗೆ ಅಲ್ಲಾಡದೆ ಕೂತಿದೆಯಲ್ಲ, ಅದು ಲರ್ಕ್. ಗಮನಿಸಿ, ಇಲ್ಲಿ ನಡಿಗೆಯೇ ಬೇಕಿಲ್ಲ. ಒಬ್ಬ ಹುಡುಗ ಲರ್ಕ್ ಕಾರ್ಡ್ ಹಿಡಿದು ಜಗಲಿ ತುಂಬ ಓಡಾಡಿ ಸೋತ. ಒಂದೂ ಪೋಸ್ಟ್ ಹಾಕದೆ ಎಲ್ಲರದ್ದೂ ಓದುವವರನ್ನು ಲರ್ಕರ್ ಅನ್ನುವುದೂ ಇದರಿಂದಲೇ, ಅಲ್ಲಿ ಮಾತ್ರ ಅಪಾಯದ ವಾಸನೆ ಇಲ್ಲ. ಕತ್ತಲಾದ ಮೇಲೆ ಏನಾದರೂ ಸಿಗುತ್ತದಾ ಅಂತ ಊರಂಚಿನಲ್ಲಿ ಸುಳಿದಾಡಿದರೆ ಪ್ರೌಲ್. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನ ಸಿಸಿಟಿವಿಯಲ್ಲಿ ಕಂಡಿತ್ತಲ್ಲ ಚಿರತೆ, ಅದು ಅಪ್ಪಟ ಪ್ರೌಲ್. ಇಂಥದ್ದೇ ಮೇಕೆ ಅಂತ ಕಣ್ಣಿಟ್ಟು, ಅದು ತಲೆ ಎತ್ತಿದಾಗ ನಿಂತು, ತಗ್ಗಿಸಿದಾಗ ಎರಡು ಹೆಜ್ಜೆ ಹಾಕಿ ಹತ್ತಿರವಾಗುತ್ತಾ ಹೋದರೆ ಸ್ಟಾಕ್. ಪ್ರೌಲ್‌ಗೆ ಹಸಿವು ಸಾಕು, ಸ್ಟಾಕ್‌ಗೆ ಒಂದು ಗುರಿ ಬೇಕು. ಇದನ್ನು ಆಡಿ ತೋರಿಸಲು ಇನ್ನೊಬ್ಬರು ಮೇಕೆಯಾಗಬೇಕಾಗುತ್ತದೆ, ಅದಕ್ಕೆ ನಿಯಮ ಸೇರಿಸಿದೆ. ಮೇಕೆಯಾಗಲು ಜಗಳ.

ಸೈಡಲ್ ನನ್ನ ಮೆಚ್ಚಿನದು. ಪಕ್ಕಪಕ್ಕಕ್ಕೆ ಸರಿಯುತ್ತಾ, ಏನೂ ಗೊತ್ತಿಲ್ಲದವನ ಹಾಗೆ ಒಬ್ಬರ ಹತ್ತಿರ ಬಂದು ನಿಲ್ಲುವುದು. ಅವ್ವ ಕೋಡುಬಳೆ ಕರಿಯುವಾಗ ಅಡುಗೆಮನೆಗೆ ಯಾರು ಬಂದರೂ ಸೈಡಲ್ಲೇ. ಕಾರ್ಡಿನ ಹಿಂದೆ ಅದನ್ನೇ ಬರೆದೆ.

ಒಂದು ವಿಷಯ ನೋಡಿ ಖುಷಿಯಾಯಿತು. ಸ್ಟೀಲ್ ಅಂದರೆ ಕದಿ, ಸದ್ದಿಲ್ಲದೆ ಜಾಗ ಬಿಡುವುದಕ್ಕೂ ಅದೇ ಪದ, ಗುಟ್ಟಾಗಿ ಮಾಡುವ ರೀತಿಗೆ ಹೇಳುವ ಸ್ಟೆಲ್ತ್ ಕೂಡ ಅದರದ್ದೇ ಮನೆಯದು. ಫರ್ಟಿವ್, ಅಂದರೆ ಕದ್ದುಮುಚ್ಚಿ ಮಾಡುವಂಥದ್ದು, ಅದು ಬಂದಿರುವುದೂ ಲ್ಯಾಟಿನ್ನಿನ ಕಳ್ಳನಿಂದ. ನಾವೂ ಹಾಗೇ ಅಲ್ವಾ? ಕದ್ದು ನೋಡುತ್ತೇವೆ, ಕದ್ದು ಕೇಳುತ್ತೇವೆ, ಕಳ್ಳಹೆಜ್ಜೆ ಇಡುತ್ತೇವೆ, ಅಲ್ಲಿ ಯಾರ ಸ್ವತ್ತೂ ಹೋಗಿರುವುದಿಲ್ಲ. ಆಬ್‌ಸ್ಕಾಂಡ್ ಅಂದರೆ ಪರಾರಿಯಾಗುವುದು, ಅದರ ಲ್ಯಾಟಿನ್ ಮೂಲದಲ್ಲಿ ಬಚ್ಚಿಡುವುದಿದೆ, ನಮ್ಮವನು ಬರೀ ತಲೆ ಮರೆಸಿಕೊಳ್ಳುತ್ತಾನೆ.

ನಮ್ಮ ಪದಗಳಿಗೂ ಬೇರೆ ಬಣ್ಣದ ಒಂದು ಕಟ್ಟು ಮಾಡೋಣ ಅಂತಿದ್ದೇನೆ. ಜಾರಿಕೊಳ್ಳುವುದು ಸ್ಲಿಪ್ ಅವೇಗೆ ಸರಿಯಾಗಿ ಕೂರುತ್ತದೆ. ನುಣುಚಿಕೊಳ್ಳುವುದು ಕೂರುವುದಿಲ್ಲ, ಅದರಲ್ಲಿ ಹಿಡಿದವರ ಕೈಯೂ ಇದೆ. ಪೇಪರಿನಲ್ಲಿ ದಿನಾ ಬರುವ 'ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ'ಯನ್ನು ಆಡಿ ತೋರಿಸುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ಅಂದಹಾಗೆ ಚಳ್ಳೆಹಣ್ಣು ಬಾಯಿಗೆ ಹಾಕಿದರೆ ಗೋಂದು, ಬಿಡಿಸಿಕೊಳ್ಳುವಷ್ಟರಲ್ಲಿ ಕಳ್ಳ ಬಸ್ ಹತ್ತಿರುತ್ತಾನೆ.

ಪ್ರಿಂಟಿನ ಕಥೆ ಚಿಕ್ಕದು. 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಜೆರಾಕ್ಸ್ ಅಂಗಡಿಯಲ್ಲಿ ತೆರೆದರೆ ಪೂರ್ತಿ ಗಜಿಬಿಜಿ. ಪಿಡಿಎಫ್ ಮಾಡಿಕೊಂಡು ಹೋಗಬೇಕಿತ್ತು, ನಂದೇ ತಪ್ಪು. ಸದ್ಯಕ್ಕೆ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದೇನೆ.

ಈಗ ಕೈಯಲ್ಲಿ 17 ಕಾರ್ಡುಗಳಿವೆ. ಉಳಿದಿದ್ದ 9, ಹೊಸವು 8. ಬಾಕಿ ಇರುವುದು ಸ್ಕಲ್ಕ್. ಅವಿತುಕೊಂಡೇ ಓಡಾಡುವುದು, ಜೊತೆಗೆ ಅಂಜುಬುರುಕತನ ಅಥವಾ ಕೆಟ್ಟ ಯೋಚನೆ, ಕೆಲಸ ತಪ್ಪಿಸಿಕೊಳ್ಳುವವನಿಗೂ ಹೇಳುತ್ತಾರೆ. ನರಿಗಳ ಗುಂಪಿಗೂ ಅದೇ ಹೆಸರು. ಇದನ್ನು ಓದಿ ಹೇಳಿದಾಗ ಅವ್ವ ಸುಮ್ನೆ ನನ್ನ ಕಡೆ ನೋಡಿದಳು, ಆಮೇಲೆ ಮೂಲೆಯಲ್ಲಿದ್ದ ನೀರಿನ ಕ್ಯಾನ್ ಕಡೆ. ಬೆಳಗ್ಗೆಯಿಂದ ಮೂರು ಸಲ ತುಂಬಿಸಿಕೊಂಡು ಬಾ ಅಂದಿದ್ದಳು. ಕ್ಯಾನ್ ಎತ್ತಿಕೊಂಡು ಹೊರಟೆ. ಸನ್ನಿವೇಶ ರಾತ್ರಿ ಬರೆಯುತ್ತೇನೆ.