ಗೆಳೆಯರು, ಪಬ್‌ಗಳು ಮತ್ತು ನಿಧಾನದ ದೋಣಿ: ಕೆನೆಟ್ ಅಂಡ್ ಏವನ್ ಕಾಲುವೆಯಲ್ಲಿ

ಇಂಗ್ಲೆಂಡಿನಲ್ಲಿ ನ್ಯಾರೋಬೋಟ್ (ಒಳಗೇ ಉಳಿದುಕೊಳ್ಳಬಹುದಾದ, ಕಾಲುವೆಯಲ್ಲಿ ಓಡುವ ಉದ್ದನೆಯ ಕಿರಿದಾದ ದೋಣಿ) ಬಾಡಿಗೆಗೆ ಹಿಡಿದಿದ್ದೀವಿ ಅಂತ ಹೇಳಿದ್ದೇ ತಡ, ಅಲ್ಲಿರುವ ಸ್ನೇಹಿತರೆಲ್ಲ "ನಾವೂ ಒಂದಿನ ಬರ್ತೀವಿ" ಅನ್ನತೊಡಗಿದರು. ಒಬ್ಬರು ರೆಡಿಂಗ್, ಒಬ್ಬರು ಬ್ರಿಸ್ಟಲ್, ಉಳಿದವರು ಲಂಡನ್. ಬರುವವರು ಇಷ್ಟು ಜನ ಇದ್ದರೆ ಕಾಲುವೆಯನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು. ನನ್ನ ಸಲಹೆ: ಪಕ್ಕದಲ್ಲೇ ರೈಲು ಓಡುವ ಕಾಲುವೆ ನೋಡಿ. 1810ರಲ್ಲಿ ಪೂರ್ತಿಯಾಗಿ, ಆಮೇಲೆ ಹಾಳುಬಿದ್ದು, 1990ರಲ್ಲಿ ಮತ್ತೆ ತೆರೆದ ಕೆನೆಟ್ ಅಂಡ್ ಏವನ್ ಕಾಲುವೆಯ ಬಾತ್ ಕಡೆಯ ಭಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ಬಾತ್, ಫ್ರೆಷ್‌ಫೋರ್ಡ್, ಏವನ್‌ಕ್ಲಿಫ್, ಬ್ರಾಡ್‌ಫೋರ್ಡ್-ಆನ್-ಏವನ್ ಈ ನಾಲ್ಕೂ ಕಡೆ ರೈಲು ನಿಲ್ದಾಣವಿದೆ. ಬಾತ್‌ನ ಮೇಲಿನ ಲಾಕ್ (ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಮೇಲೆ-ಕೆಳಗೆ ಮಾಡುವ ಗೇಟುಗಳ ತೊಟ್ಟಿ) ದಾಟಿದರೆ ಬ್ರಾಡ್‌ಫೋರ್ಡ್‌ವರೆಗೆ ಸುಮಾರು ಒಂಬತ್ತು ಮೈಲಿ ಲಾಕೇ ಇಲ್ಲ.

ಗೆಳೆಯರಿಗೆ ಗಂಟೆ ಹೇಳಬೇಡಿ, ಪಬ್ಬಿನ ಹೆಸರು ಹೇಳಿ. ಕಾಲುವೆಯ ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹೋಗುವಾಗ ಎಂಜಿನ್ ಇನ್ನೂ ಇಳಿಸಬೇಕು, ಇಲ್ಲದಿದ್ದರೆ ಅವುಗಳ ಹಗ್ಗ ಜಗ್ಗಿ ಒಳಗಿದ್ದವರು ಹೊರಬಂದು ಬೈಯುತ್ತಾರೆ. ಈ ಭಾಗದಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರು ಬಹಳ, ಸಾಲು ಮುಗಿಯುವುದೇ ಇಲ್ಲ. ಮೈಲಿಗಳನ್ನೂ ಲಾಕ್‌ಗಳನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಎಷ್ಟು ಗಂಟೆ ಅಂತ ಗೊತ್ತಾಗುತ್ತದೆ ಎನ್ನುವುದು ದೋಣಿಯವರ ರೂಢಿಯ ಲೆಕ್ಕ. ಇಲ್ಲಿ ಅದಕ್ಕೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಒಂದು ಪಬ್ ತಪ್ಪಿದರೆ ಮುಂದಿನದು ಯಾವುದು ಅಂತಲೂ ಮೊದಲೇ ಹೇಳಿಟ್ಟರೆ ಫೋನಿನಲ್ಲಿ ಕೂಗಾಡುವುದು ತಪ್ಪುತ್ತದೆ.

ನಡೆಯುವ ಗೆಳೆಯರಿದ್ದರೆ ಬಾತ್‌ನಲ್ಲಿ ಇಳಿದು ಕಾಲುವೆ ದಂಡೆ ಹಿಡಿದು ಸುಮಾರು ಎರಡು ಮೈಲಿ ಬಂದರೆ ಬಾತಾಂಪ್ಟನ್‌ನ 'ಜಾರ್ಜ್' ಸಿಗುತ್ತದೆ. ಮಟ್ಟಸ ದಾರಿ, ಪಬ್ ನೀರಿನ ಪಕ್ಕದಲ್ಲೇ. ಆದರೆ ನನ್ನನ್ನು ಕೇಳಿದರೆ ಏವನ್‌ಕ್ಲಿಫ್‌ಗೆ ಕರೆಯಿರಿ. ಅಲ್ಲಿ ಕಾಲುವೆಯೇ ಕಲ್ಲಿನ ಸೇತುವೆ ಹತ್ತಿ ನದಿಯನ್ನೂ ರೈಲು ಹಳಿಯನ್ನೂ ದಾಟುತ್ತದೆ. ಕೆಳಗೆ ನದಿ ದಡದಲ್ಲಿ 'ಕ್ರಾಸ್ ಗನ್ಸ್' ಪಬ್, ಅದರ ಅಂಗಳದಲ್ಲಿ ಕೂತು ನಮ್ಮ ತಲೆಯ ಮೇಲೆ ದೋಣಿ ಹೋಗುವುದನ್ನು ನೋಡಬಹುದು. ನಿಲ್ದಾಣ ಎರಡು ಹೆಜ್ಜೆಯಲ್ಲಿದೆ. ಒಂದೇ ಎಚ್ಚರ: ಪ್ಲಾಟ್‌ಫಾರ್ಮ್ ತೀರಾ ಗಿಡ್ಡ, ಕೇಳಿದರೆ ಮಾತ್ರ ರೈಲು ನಿಲ್ಲಿಸುವ ಜಾಗ. ಇಳಿಯುವವರು ಗಾರ್ಡ್‌ಗೆ ಮೊದಲೇ ಹೇಳಿ ಸರಿಯಾದ ಬೋಗಿಯಲ್ಲಿ ಕೂರಬೇಕು, ಹತ್ತುವವರು ಡ್ರೈವರ್‌ಗೆ ಕಾಣುವಂತೆ ಕೈ ತೋರಿಸಬೇಕು. ನಮ್ಮೂರಿನ ಬಸ್ಸಿಗೆ ಕೈ ಅಡ್ಡ ಹಾಕಿ ಅಭ್ಯಾಸ ಇದ್ದವರಿಗೆ ಇದೇನು ದೊಡ್ಡದಲ್ಲ.

ಇನ್ನೊಂದು ಗೊಂದಲ. ಈ ಒಂದೇ ಕಾಲುವೆಯ ಮೇಲೆ 'ಬಾರ್ಜ್ ಇನ್' ಹೆಸರಿನ ಪಬ್‌ಗಳು ಬ್ರಾಡ್‌ಫೋರ್ಡ್‌ನಲ್ಲೊಂದು, ಸೀಂಡ್‌ನಲ್ಲೊಂದು, ಹನಿಸ್ಟ್ರೀಟ್‌ನಲ್ಲೊಂದು ಇವೆ. ಬರೀ "ಬಾರ್ಜ್ ಇನ್‌ಗೆ ಬಾ" ಅಂದರೆ ಗೆಳೆಯ ಒಂದು ಕಡೆ, ನೀವು ಇನ್ನೊಂದು ಕಡೆ. ಊರಿನ ಹೆಸರು ಸೇರಿಸಿಯೇ ಹೇಳಿ.

ಪಬ್ಬಿನಲ್ಲಿ ಮೇಜಿನ ಹತ್ತಿರ ಯಾರಾದರೂ ಬಂದು ಕೇಳುತ್ತಾರೆ ಅಂತ ಕಾಯಬೇಡಿ, ಬಾರ್‌ಗೆ ಹೋಗಿ ನೀವೇ ಹೇಳಿ ಬರಬೇಕು. ಒಬ್ಬೊಬ್ಬರು ಒಂದೊಂದು ಸಲ ಎಲ್ಲರಿಗೂ ತರುವುದು ಅಲ್ಲಿಯ ಪದ್ಧತಿ. ಹಾಗಾಗಿ ಏಳೆಂಟು ಜನ ಸೇರಿದರೆ ಲೆಕ್ಕ ತಲೆಗೇರುತ್ತದೆ, ಇಬ್ಬರು ಮೂವರ ಗುಂಪು ಮಾಡಿಕೊಳ್ಳುವುದು ಜಾಣತನ. ಮಧ್ಯಾಹ್ನದ ಊಟ ಮುಗಿದ ಮೇಲೆ ಸಂಜೆಯವರೆಗೆ ಅಡುಗೆಮನೆ ಮುಚ್ಚುವ ಪಬ್‌ಗಳು ಇನ್ನೂ ಇವೆ. ದೋಣಿ ತಡವಾಗಿ ಹಸಿದು ಹೋದವರಿಗೆ ಚಿಪ್ಸ್ ಪೊಟ್ಟಣವೇ ಗತಿ. ಭಾನುವಾರದ ರೋಸ್ಟ್ ಊಟಕ್ಕೆ ಮೇಜು ಕಾದಿರಿಸಿ. ಸಸ್ಯಾಹಾರಿಗಳು ಗ್ರೇವಿ ಯಾವುದರದ್ದು, ಆಲೂ ಕರಿಯುವ ಎಣ್ಣೆಯಲ್ಲಿ ಮೀನೂ ಕರಿಯುತ್ತಾರಾ ಅಂತ ಕೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದೋಣಿಯನ್ನು ರಾತ್ರಿಗೆ ಕಟ್ಟಿದ ಮೇಲೆಯೇ ಕುಡಿತ. ಟಿಲ್ಲರ್ (ಚುಕ್ಕಾಣಿಯ ಹಿಡಿಕೆ) ಹಿಡಿಯುವವರು ಮಧ್ಯಾಹ್ನ ನಿಂಬೆ ಪಾನಕದಲ್ಲೇ ತೃಪ್ತಿಪಡಲಿ. ಪಬ್ಬಿನ ಎದುರಿನ ಜಾಗ ಬೇಸಿಗೆಯ ವಾರಾಂತ್ಯದಲ್ಲಿ ಬೇಗ ತುಂಬುತ್ತದೆ, ಇಳಿಮಧ್ಯಾಹ್ನಕ್ಕೇ ಕಟ್ಟಿಬಿಡಿ. ದಂಡೆಯ ದಾರಿಯಲ್ಲಿ ದೀಪವಿರುವುದಿಲ್ಲ. ಎಲ್ಲರ ಜೇಬಿನಲ್ಲೂ ಟಾರ್ಚ್ ಇರಲಿ, ನೀರಿನ ಪಕ್ಕದಲ್ಲಿ ತೂರಾಡುವುದು ತಮಾಷೆಯಲ್ಲ. ಗೆಳೆಯರನ್ನು ದೋಣಿಗೆ ಹತ್ತಿಸಿಕೊಳ್ಳುವುದಾದರೆ ಎಷ್ಟು ಜನಕ್ಕೆ ಅನುಮತಿ ಇದೆ ಅಂತ ಬಾಡಿಗೆ ಕೊಟ್ಟವರನ್ನು ಮೊದಲೇ ಕೇಳಿ.

ಗಟ್ಟಿಮುಟ್ಟಾದ ಗೆಳೆಯರನ್ನು ಮಾತ್ರ ಡಿವೈಜಸ್ ಊರಿನ ಬಳಿ ಕಾಲುವೆ ಗುಡ್ಡ ಹತ್ತುವ ಕೇನ್ ಹಿಲ್ ದಿನಕ್ಕೆ ಉಳಿಸಿಕೊಳ್ಳಿ. ಎರಡು ಮೈಲಿಯಲ್ಲಿ 29 ಲಾಕ್, ಅದರಲ್ಲಿ 16 ಒಂದರ ಮೇಲೊಂದು ಮೆಟ್ಟಿಲಿನ ಹಾಗೆ. ಹತ್ತಲು ಐದಾರು ಗಂಟೆ ಬೇಕು. ವಿಂಡ್ಲಾಸ್ ಎನ್ನುವ ಕಬ್ಬಿಣದ ಹಿಡಿಕೆ ತಿರುಗಿಸಿ ನೀರು ಬಿಡುವುದು, ಭಾರದ ಗೇಟು ಬೆನ್ನು ಕೊಟ್ಟು ತಳ್ಳುವುದು, ಮುಂದಿನದಕ್ಕೆ ಓಡುವುದು. ಲಾಕ್‌ಗಳು ಅಗಲ, ಎರಡು ದೋಣಿ ಜೋಡಿಯಾಗಿ ಹಿಡಿಸುತ್ತವೆ. ಕೆಳಗೆ ಕಾಯುತ್ತಿರುವ ಇನ್ನೊಂದು ದೋಣಿಯವರ ಜೊತೆ ಸೇರಿದರೆ ಕೆಲಸ ಅರ್ಧ, ನೀರಿನ ಉಳಿತಾಯ ಬೇರೆ. ಸಂಜೆ ಪಬ್ಬಿನ ಮೇಜೂ ದೊಡ್ಡದಾಗುತ್ತದೆ. ಲಾಕ್‌ಗಳ ಗೇಟು ಹಾಕುವ ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹಿಂದಿನ ದಿನವೇ ನೋಡಿಕೊಂಡು ಬೆಳಗ್ಗೆ ಬೇಗ ಶುರು ಮಾಡಿ.

ಮೇಲೆ ಡಿವೈಜಸ್‌ನಲ್ಲಿ ಕಾಲುವೆ ಪಕ್ಕದ 'ಬ್ಲ್ಯಾಕ್ ಹಾರ್ಸ್' ಇದೆ. 1875ರಿಂದ ಅದೇ ಊರಿನಲ್ಲಿ ಬಿಯರ್ ಮಾಡುತ್ತಿರುವ ವಾಡ್‌ವರ್ತ್‌ನವರ 6ಎಕ್ಸ್ ಎಂಬ ಬಿಯರ್ ಕುಡಿಯಬೇಕಾದ ಊರೂ ಇದೇ. ಆದರೆ ಡಿವೈಜಸ್‌ಗೆ ಈಗ ರೈಲು ಇಲ್ಲ. ಲಂಡನ್ನಿನಿಂದ ಬಂದ ಗೆಳೆಯರು ವಾಪಸ್ ಹೋಗಲು ಬಸ್ಸಿನಲ್ಲಿ ಚಿಪ್ಪನಮ್ ಅಥವಾ ಟ್ರೋಬ್ರಿಡ್ಜ್ ಸೇರಬೇಕು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಎರಡನೆಯ ಪೈಂಟ್‌ಗಿಂತ ಮೊದಲೇ ನೋಡಿಕೊಳ್ಳಲಿ.