ಹಳೆಯ ವಾಲ್ವ್ ಆಂಪ್ಲಿಫೈಯರ್ ಸಿಕ್ಕಿದೆ, ಒಮ್ಮೆ ಪ್ಲಗ್ ಹಾಕಿ ನೋಡಬಹುದೇ?

ಹಳೆಯ ಸ್ಪೀಕರ್‌ಗಳನ್ನೂ, ಟ್ರಾನ್ಸಿಸ್ಟರಿನ ಬದಲು ಗಾಜಿನ ನಿರ್ವಾತ ಕೊಳವೆಗಳಿಂದ (ವಾಲ್ವ್) ಸದ್ದನ್ನು ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರ್‌ಗಳನ್ನೂ ನಾನು ಮನೆಯಲ್ಲಿಯೇ ದುರಸ್ತಿ ಮಾಡಿಕೊಳ್ಳುತ್ತೇನೆಂದು ತಿಳಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಅಜ್ಜನ ಕಾಲದ್ದೋ, ಹರಾಜಿನಲ್ಲಿ ಸಿಕ್ಕಿದ್ದೋ, ಅಟ್ಟದ ಮೇಲೆ ಮೂವತ್ತು ವರ್ಷ ಬಟ್ಟೆ ಹೊದ್ದು ಕುಳಿತಿದ್ದೋ, ಒಂದು ಆಂಪ್ಲಿಫೈಯರ್ ಕೈಗೆ ಬಂದಿರುತ್ತದೆ. ನೋಡಲು ಚೆನ್ನಾಗಿರುತ್ತದೆ, ವಾಲ್ವ್‌ಗಳು ಒಡೆದಿರುವುದಿಲ್ಲ. ಸರಿಯಿದೆಯೋ ಕೆಟ್ಟಿದೆಯೋ ತಿಳಿಯಲು ಒಮ್ಮೆ ಪ್ಲಗ್ ಹಾಕಿ ನೋಡಬಹುದೇ ಎಂಬುದು ಪ್ರಶ್ನೆ.

ಬೇಡ ಎಂಬುದು ನನ್ನ ಉತ್ತರ. ಅಷ್ಟು ವರ್ಷ ಸುಮ್ಮನೆ ಕುಳಿತಿದ್ದ ಯಂತ್ರಕ್ಕೆ ಅತ್ಯಂತ ಅಪಾಯದ ಗಳಿಗೆ ಯಾವುದೆಂದರೆ ನಾವು ಕುತೂಹಲದಿಂದ ಸ್ವಿಚ್ ಒತ್ತುವ ಆ ಮೊದಲ ಗಳಿಗೆಯೇ. ಅಲ್ಲಿಯವರೆಗೆ ಸಣ್ಣ ದುರಸ್ತಿಯಿಂದ ಎದ್ದು ನಿಲ್ಲಬಹುದಾಗಿದ್ದ ಆಂಪ್ಲಿಫೈಯರ್, ಆ ಒಂದು ನಿಮಿಷದಲ್ಲಿ ಎಂದಿಗೂ ಸರಿಹೋಗದ ಸ್ಥಿತಿಗೆ ತಲುಪಬಹುದು.

ಇದು ಅರ್ಥವಾಗಬೇಕಾದರೆ, ಯಾವ ಭಾಗ ಮತ್ತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿ ಬೇರೆ ಬೇರೆ ಇರಿಸಿಕೊಳ್ಳಬೇಕು. ಕೆಪಾಸಿಟರ್, ರೆಸಿಸ್ಟರ್, ವಯರ್, ವಾಲ್ವ್ ಸಾಕೆಟ್ ಇವೆಲ್ಲ ಇಂದಿಗೂ ಹೊಸದಾಗಿ ಸಿಗುತ್ತವೆ. ಇಎಲ್84, ಇಎಲ್34, 12ಎಎಕ್ಸ್7ನಂತಹ ಜನಪ್ರಿಯ ವಾಲ್ವ್‌ಗಳೂ ಇಂದಿಗೂ ತಯಾರಾಗುತ್ತಿವೆ. ಸಿಗದಿರುವುದು ಆ ಯಂತ್ರಕ್ಕೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗಳು, ಮತ್ತು ಸ್ಪೀಕರಿನಲ್ಲಾದರೆ ಅದರ ಮೂಲ ಕಾಗದದ ಕೋನ್. 1947ರಲ್ಲಿ ಬ್ರಿಟಿಷ್ ಎಂಜಿನಿಯರ್ ವಿಲಿಯಮ್‌ಸನ್ ಪ್ರಕಟಿಸಿದ ಪ್ರಸಿದ್ಧ ಆಂಪ್ಲಿಫೈಯರ್ ವಿನ್ಯಾಸ, ವಾಲ್ವ್‌ಗಳನ್ನು ಸ್ಪೀಕರಿಗೆ ಹೊಂದಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅನ್ನೂ ಒಳಗೊಂಡಂತೆ 20 ಡೆಸಿಬೆಲ್ ಫೀಡ್‌ಬ್ಯಾಕ್ ಬಳಸಿತ್ತು, ಅಂದರೆ ಔಟ್‌ಪುಟ್ಟಿನ ಒಂದಂಶವನ್ನು ಹಿಂದಿನ ಹಂತಕ್ಕೆ ಮರಳಿಸಿ ದೋಷಗಳನ್ನು ತಗ್ಗಿಸುತ್ತಿತ್ತು. ಅಷ್ಟು ಫೀಡ್‌ಬ್ಯಾಕನ್ನು ತಡೆದುಕೊಳ್ಳಬೇಕಾದರೆ ಆ ಟ್ರಾನ್ಸ್‌ಫಾರ್ಮರಿನ ಸುರುಳಿಗಳನ್ನು ಹಲವು ಭಾಗಗಳಾಗಿ ಒಂದರ ನಡುವೆ ಒಂದು ಬರುವಂತೆ ಸುತ್ತಬೇಕಿತ್ತು. ಒಳ್ಳೆಯ ಹಳೆಯ ಆಂಪ್ಲಿಫೈಯರಿನ ಬೆಲೆಯೆಲ್ಲ ಆ ಕಬ್ಬಿಣ ಮತ್ತು ತಾಮ್ರದಲ್ಲಿಯೇ ಇದೆ. ಹಾಗಾಗಿ ನಾನು ಮಾಡುವ ಕೆಲಸವೆಲ್ಲ ಮೊದಲಿಗೆ ಟ್ರಾನ್ಸ್‌ಫಾರ್ಮರ್‌ಗಳನ್ನು ಕಾಯುವ ಕೆಲಸ. ನಾದದ ವಿಚಾರ ಆಮೇಲಿನದು.

ಅವುಗಳನ್ನು ಸುಡುವುದು ಸಾಮಾನ್ಯವಾಗಿ ಕೆಪಾಸಿಟರ್‌ಗಳು. ಹಳೆಯ ಮೆಕ್ಯಾನಿಕ್‌ಗಳು ಇವತ್ತಿಗೂ ಇವನ್ನು ಕಂಡೆನ್ಸರ್ ಎಂದೇ ಕರೆಯುತ್ತಾರೆ. ವಿದ್ಯುತ್ತನ್ನು ಸೋಸುವ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗೆ ಅಲ್ಯೂಮಿನಿಯಂ ಹಾಳೆಯ ಸುರುಳಿಯಿದ್ದು, ಆ ಹಾಳೆಯ ಮೇಲಿನ ಅತಿ ತೆಳುವಾದ ಆಕ್ಸೈಡ್ ಪದರವೇ ಅದರ ಇನ್ಸುಲೇಶನ್. ಈ ಪದರವನ್ನು ರೂಪಿಸುವುದೂ ವೋಲ್ಟೇಜ್, ಗಟ್ಟಿಯಾಗಿ ಉಳಿಸುವುದೂ ವೋಲ್ಟೇಜ್. ದಶಕಗಟ್ಟಲೆ ವೋಲ್ಟೇಜ್ ಕಾಣದಿದ್ದಾಗ ಪದರ ಕ್ಷೀಣಿಸುತ್ತದೆ, ಒಳಗಿನ ದ್ರವವೂ ನಿಧಾನವಾಗಿ ಒಣಗುತ್ತದೆ. ಆ ಸ್ಥಿತಿಯಲ್ಲಿ 400 ವೋಲ್ಟ್ ಒಮ್ಮೆಲೇ ಮೈಮೇಲೆ ಬಂದರೆ ಕೆಪಾಸಿಟರ್ ತಡೆಯುವ ಬದಲು ಹರಿಯಗೊಡುತ್ತದೆ, ಬಿಸಿಯಾಗುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಅದು ಶಾರ್ಟ್ ಆದರೆ ಅಷ್ಟೂ ಕರೆಂಟ್ ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ವಾಲ್ವ್ ಮತ್ತು ಪವರ್ ಟ್ರಾನ್ಸ್‌ಫಾರ್ಮರಿನ ಹೈವೋಲ್ಟೇಜ್ ಸುರುಳಿಯ ಮೂಲಕವೇ ಹಾದುಹೋಗಬೇಕು. ಫ್ಯೂಸ್ ಕಾಪಾಡುತ್ತದೆಯಲ್ಲ ಎನ್ನುವವರಿಗೆ ಹೇಳಬೇಕಾದ್ದೆಂದರೆ, ಹಳೆಯ ಯಂತ್ರಗಳಲ್ಲಿ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಬಿಚ್ಚಿ ತೆಗೆದಿದ್ದೇನೆ.

ಮೇನ್ಸ್ ವೋಲ್ಟೇಜನ್ನು ಬೇಕಾದಷ್ಟಕ್ಕೆ ಹೊಂದಿಸಿಕೊಡುವ ವೇರಿಯಾಕ್ ಬಳಸಿ ಅದನ್ನು ನಿಧಾನವಾಗಿ ಏರಿಸಿದರೆ ಆಗದೇ ಎಂದು ಸ್ವಲ್ಪ ತಿಳಿದವರು ಕೇಳುತ್ತಾರೆ. ರೆಕ್ಟಿಫೈಯರ್ ಸೆಮಿಕಂಡಕ್ಟರ್ ಡಯೋಡ್ ಆಗಿದ್ದರೆ ಅದಕ್ಕೊಂದು ಅರ್ಥವಿದೆ. 5ವೈ3 ಅಥವಾ ಜಿಝಡ್34ನಂತಹ ವಾಲ್ವ್ ರೆಕ್ಟಿಫೈಯರ್ ಇದ್ದರೆ, ಅದರ ಹೀಟರ್ ಸಾಕಷ್ಟು ಕಾಯುವವರೆಗೆ ಕೆಪಾಸಿಟರಿಗೆ ಏನೂ ತಲುಪುವುದಿಲ್ಲ. ಕಾದ ಕೂಡಲೇ ನೂರಾರು ವೋಲ್ಟ್ ಒಟ್ಟಿಗೆ ತಲುಪುತ್ತದೆ. ನಿಧಾನವಾಗಿ ಏರಿಸಿದ ಸಮಾಧಾನ ನಮಗೆ ಉಳಿಯುತ್ತದೆಯೇ ಹೊರತು ಕೆಪಾಸಿಟರಿಗೆ ಅದರಿಂದ ಪ್ರಯೋಜನವಿಲ್ಲ. ಹಳೆಯ ಎಲೆಕ್ಟ್ರೋಲಿಟಿಕ್‌ಗಳನ್ನು ರೆಸಿಸ್ಟರ್ ಮೂಲಕ ಮಿತವಾದ ಕರೆಂಟ್ ಕೊಟ್ಟು ಮತ್ತೆ ಪಳಗಿಸುವ ವಿಧಾನವೊಂದಿದೆ, ಅದನ್ನು ಶ್ರದ್ಧೆಯಿಂದ ಮಾಡುವವರೂ ಇದ್ದಾರೆ. ನಾನಂತೂ ಬದಲಿಸಿಬಿಡುತ್ತೇನೆ. ಮೂಲದ ದೊಡ್ಡ ಡಬ್ಬಿಯನ್ನು ಅಂದಕ್ಕಾಗಿ ಚಾಸಿಯ (ಲೋಹದ ಚೌಕಟ್ಟಿನ) ಮೇಲೆಯೇ ಬಿಟ್ಟು, ಅದರ ಸಂಪರ್ಕಗಳನ್ನೆಲ್ಲ ಬಿಡಿಸಿ, ಹೊಸ ಕೆಪಾಸಿಟರ್‌ಗಳನ್ನು ಚಾಸಿಯ ಕೆಳಗೆ ಬೆಸುಗೆ ಹಾಕುತ್ತೇನೆ. ಹಳೆಯದರ ಸಂಪರ್ಕ ಬಿಡಿಸದೆ ಅದರ ಪಕ್ಕಕ್ಕೇ ಹೊಸದನ್ನು ಜೋಡಿಸುವುದು ತಪ್ಪು, ಸೋರುವುದು ಸೋರುತ್ತಲೇ ಇರುತ್ತದೆ. ವೋಲ್ಟೇಜ್ ರೇಟಿಂಗ್ ಮೂಲದ್ದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಆದರೆ ರೆಕ್ಟಿಫೈಯರ್ ವಾಲ್ವಿನ ನಂತರ ಬರುವ ಮೊದಲ ಕೆಪಾಸಿಟರಿನ ಸಾಮರ್ಥ್ಯವನ್ನು, ಅಂದರೆ ಮೈಕ್ರೋಫ್ಯಾರಡ್ ಅನ್ನು, ಮನಬಂದಂತೆ ಹೆಚ್ಚಿಸಬಾರದು. ಬಲಿಷ್ಠವೆನಿಸಿದ ಜಿಝಡ್34ಕ್ಕೂ ಅದರ ಮಿತಿ 60 ಮೈಕ್ರೋಫ್ಯಾರಡ್.

ದೊಡ್ಡವುಗಳನ್ನು ಬದಲಿಸಿ ಕೆಲಸ ಮುಗಿಯಿತೆಂದುಕೊಳ್ಳುವುದು ನಾನೇ ಮಾಡಿದ ತಪ್ಪು. ನನ್ನ ಆರಂಭದ ದಿನಗಳಲ್ಲಿ ಔಟ್‌ಪುಟ್ ವಾಲ್ವ್‌ಗಳು ಜೋಡಿಯಾಗಿ ಎದುರುಬದುರು ದುಡಿಯುವ ಒಂದು ಪುಶ್‌ಪುಲ್ ಆಂಪ್ಲಿಫೈಯರಿನ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಿಸಿ, ನಾದ ಇಂಪಾಗಿದೆಯೆಂದು ಕೇಳುತ್ತ ಕುಳಿತಿದ್ದೆ. ಸುಮಾರು ಇಪ್ಪತ್ತು ನಿಮಿಷಗಳ ಬಳಿಕ ಒಂದು ಔಟ್‌ಪುಟ್ ವಾಲ್ವಿನೊಳಗೆ ಎಲೆಕ್ಟ್ರಾನ್‌ಗಳನ್ನು ಸೆಳೆಯುವ ಬೂದು ಬಣ್ಣದ ಪ್ಲೇಟ್ ಮಧ್ಯದಲ್ಲಿ ಮಂದವಾಗಿ ಕೆಂಪೇರತೊಡಗಿತು. ಹೀಟರಿನ ಕಿತ್ತಳೆ ಬೆಳಕು ಬೇರೆ, ಪ್ಲೇಟಿನ ಈ ಕೆಂಪು ಬೇರೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಪ್ಲಗ್ ಕಿತ್ತೆ, ಟ್ರಾನ್ಸ್‌ಫಾರ್ಮರ್ ಉಳಿಯಿತು. ಕಾರಣವಾಗಿದ್ದುದು ಹಿಂದಿನ ಹಂತದಿಂದ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಅದರೊಳಗಿನ ಕರೆಂಟನ್ನು ನಿಯಂತ್ರಿಸುವ ಜಾಲರಿಗೆ) ಸಂಗೀತವನ್ನು ದಾಟಿಸುವ, ಮೇಣ ಹಚ್ಚಿದ ಕಾಗದದ ಒಂದು ಸಣ್ಣ ಕಪ್ಲಿಂಗ್ ಕೆಪಾಸಿಟರ್. ಸಂಗೀತದ ಎಸಿಯನ್ನು ಬಿಟ್ಟು ಡಿಸಿಯನ್ನು ತಡೆಯುವುದು ಅದರ ಕೆಲಸ. ಬಿಸಿಯಾದಂತೆ ಅದು ಡಿಸಿಯನ್ನೂ ಸೋರಗೊಟ್ಟಿತ್ತು, ಗ್ರಿಡ್ ತನ್ನ ನೆಗೆಟಿವ್ ಹಿಡಿತವನ್ನು ಕಳೆದುಕೊಂಡಿತ್ತು, ವಾಲ್ವ್ ಲಂಗುಲಗಾಮಿಲ್ಲದೆ ಕರೆಂಟ್ ಎಳೆಯತೊಡಗಿತ್ತು.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಔಟ್‌ಪುಟ್ ವಾಲ್ವ್‌ಗಳನ್ನು ಕಿತ್ತಿಟ್ಟು ಉಳಿದವನ್ನು ಉರಿಸಿ, ಖಾಲಿ ಸಾಕೆಟ್ಟಿನ ಗ್ರಿಡ್ ಪಿನ್ನಿನಲ್ಲಿ ಡಿಸಿ ವೋಲ್ಟೇಜ್ ಅಳೆಯಬೇಕು. ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡಿಗಿಂತ ಗ್ರಿಡ್ಡನ್ನು ನೆಗೆಟಿವ್ ಆಗಿ ಇರಿಸುವ ವೋಲ್ಟೇಜೇ ಬಯಾಸ್. ಅದನ್ನು ಕ್ಯಾಥೋಡಿನ ರೆಸಿಸ್ಟರ್ ಒದಗಿಸುವ ಕ್ಯಾಥೋಡ್ ಬಯಾಸ್ ಆಂಪ್ಲಿಫೈಯರಿನಲ್ಲಿ ಅದು ಸೊನ್ನೆಯ ಹತ್ತಿರವಿರಬೇಕು, ಪ್ರತ್ಯೇಕ ಸರಬರಾಜಿನಿಂದ ಬರುವ ಫಿಕ್ಸೆಡ್ ಬಯಾಸ್ ಇದ್ದರೆ ಬಯಾಸಿನ ನೆಗೆಟಿವ್ ವೋಲ್ಟೇಜ್ ಮಾತ್ರ ಕಾಣಬೇಕು. ಪಾಸಿಟಿವ್ ಕಡೆಗೆ ಒಂದು ವೋಲ್ಟ್ ಸರಿದಿದ್ದರೂ ಆ ಕೆಪಾಸಿಟರ್ ಹೋಗಬೇಕು. ಕಾಗದದ ಕಪ್ಲಿಂಗ್ ಕೆಪಾಸಿಟರ್‌ಗಳನ್ನು ನಾನೀಗ ಅಳೆಯುವ ಗೊಡವೆಗೂ ಹೋಗದೆ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್‌ಗಳಿಗೆ ಬದಲಿಸುತ್ತೇನೆ.

ಅಳತೆಯ ಮಾತು ಬಂದಾಗ ಜೀವದ ಮಾತನ್ನೂ ಹೇಳಲೇಬೇಕು. ಚಾಸಿಯ ಕೆಳಗೆ 350ರಿಂದ 500 ವೋಲ್ಟ್ ಡಿಸಿ ಇರುವುದು ಸಾಮಾನ್ಯ, ಮತ್ತು ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. 10 ಕಿಲೋ ಓಮ್, 10 ವಾಟ್‌ನ ರೆಸಿಸ್ಟರಿಗೆ ಇನ್ಸುಲೇಶನ್ ಇರುವ ಕ್ಲಿಪ್ ವಯರ್ ಕಟ್ಟಿಕೊಂಡು ಪ್ರತಿ ಕೆಪಾಸಿಟರನ್ನೂ ಖಾಲಿ ಮಾಡಬೇಕು, ಖಾಲಿಯಾಯಿತೆಂದು ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಯಂತ್ರ ಉರಿಯುತ್ತಿರುವಾಗ ಅಳೆಯುವುದಾದರೆ ಮೀಟರಿನ ಕಪ್ಪು ತಂತಿಯನ್ನು ಚಾಸಿಗೆ ಕ್ಲಿಪ್ ಮಾಡಿ, ಒಂದು ಕೈಯಲ್ಲಿ ಮಾತ್ರ ಕೆಲಸ ಮಾಡಿ, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಇರಿಸಿಕೊಳ್ಳಬೇಕು. ಕರೆಂಟ್ ಎದೆಯ ಮೂಲಕ ಹಾದುಹೋಗುವ ದಾರಿ ಇರಬಾರದು. ಎರಡು ಪಿನ್ನಿನ ಪ್ಲಗ್ ಇರುವ ಹಳೆಯ ಯಂತ್ರಗಳಲ್ಲಿ ಮೇನ್ಸಿನ ತಂತಿಯಿಂದ ಚಾಸಿಗೆ ಒಂದು ಕೆಪಾಸಿಟರ್ ಹಾಕಿರುವುದುಂಟು. ಅದು ಶಾರ್ಟ್ ಆದರೆ ಚಾಸಿಯೇ ಲೈವ್ ಆಗುತ್ತದೆ. ಅದನ್ನು ತೆಗೆದು, ಮೂರು ಪಿನ್ನಿನ ಪ್ಲಗ್ ಹಾಕಿ, ಚಾಸಿಗೆ ಗಟ್ಟಿಯಾಗಿ ಅರ್ಥಿಂಗ್ ಕೊಡುವುದನ್ನು ನಾನು ಎಲ್ಲ ಕೆಲಸಕ್ಕಿಂತ ಮೊದಲು ಮಾಡುತ್ತೇನೆ. ಮೂಲ ಸ್ಥಿತಿಯಲ್ಲಿಯೇ ಉಳಿಸಬೇಕೆನ್ನುವ ಸಂಗ್ರಾಹಕರ ವಾದವನ್ನು ಬೇರೆಲ್ಲ ಕಡೆ ಗೌರವಿಸುತ್ತೇನೆ, ಇಲ್ಲಿ ಒಪ್ಪುವುದಿಲ್ಲ.

ಇಷ್ಟಾದ ಮೇಲೆ ಮೊದಲ ಸಲ ಉರಿಸುವಾಗಲೂ ನೇರವಾಗಿ ಸಾಕೆಟ್ಟಿಗೆ ಹಾಕುವುದಿಲ್ಲ. ಹಳೆಯ ಮಾದರಿಯ, ಫಿಲಮೆಂಟ್ ಇರುವ 60 ಅಥವಾ 100 ವಾಟ್‌ನ ಬಲ್ಬನ್ನು ಮೇನ್ಸಿನ ಲೈವ್ ತಂತಿಯಲ್ಲಿ ಸೀರೀಸ್ ಆಗಿ ಜೋಡಿಸುತ್ತೇನೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಬೆಳಗಿ ನಿಲ್ಲುತ್ತದೆ, ವೋಲ್ಟೇಜ್ ಎಲ್ಲ ಬಲ್ಬಿನ ಮೇಲೆಯೇ ಬಿದ್ದು ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಸರಿಯಿದ್ದರೆ ಬಲ್ಬ್ ಒಮ್ಮೆ ಬೆಳಗಿ ಮಂದವಾಗುತ್ತದೆ. ಮೊದಲು ವಾಲ್ವ್‌ಗಳಿಲ್ಲದೆ, ನಂತರ ವಾಲ್ವ್‌ಗಳೊಂದಿಗೆ ಹೀಗೆ ಪರೀಕ್ಷಿಸಿದರೆ ದೋಷ ಟ್ರಾನ್ಸ್‌ಫಾರ್ಮರಿನದೋ ಮುಂದಿನದೋ ಎಂಬುದೂ ತಿಳಿಯುತ್ತದೆ. ಈ ಹೊತ್ತಿನಲ್ಲಿ ಔಟ್‌ಪುಟ್ಟಿಗೆ 8 ಓಮ್‌ನ ದಪ್ಪ ರೆಸಿಸ್ಟರ್ ಜೋಡಿಸಿರಲೇಬೇಕು. ಲೋಡ್ ಇಲ್ಲದ ಆಂಪ್ಲಿಫೈಯರಿಗೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಅತಿಯಾದ ವೋಲ್ಟೇಜ್ ಹುಟ್ಟಿ ಒಳಗೆ ಕಿಡಿ ಹಾರಬಹುದು, ಮತ್ತು ನಾವು ಇಷ್ಟು ಹೊತ್ತು ಕಾಯ್ದದ್ದು ವ್ಯರ್ಥವಾಗುತ್ತದೆ.

ವಾಲ್ವ್ ಎಷ್ಟು ದುಡಿಯುತ್ತಿದೆಯೆಂದು ತಿಳಿಯಲು ಕ್ಯಾಥೋಡ್ ರೆಸಿಸ್ಟರಿನ ಮೇಲಿನ ವೋಲ್ಟೇಜನ್ನು ಅದರ ಓಮ್‌ನಿಂದ ಭಾಗಿಸಿದರೆ ಸಾಕು, ಕರೆಂಟ್ ಸಿಗುತ್ತದೆ. ಇಎಲ್84 ಒಂದೇ ವಾಲ್ವ್ ಇರುವ ಸರಳ ಸರ್ಕ್ಯೂಟಿನಲ್ಲಿ 135 ಓಮ್ ರೆಸಿಸ್ಟರಿನ ಮೇಲೆ 7.3 ವೋಲ್ಟ್ ಇದ್ದರೆ ಸುಮಾರು 54 ಮಿಲಿಆಂಪಿಯರ್ ಹರಿಯುತ್ತಿದೆ. ಅದರಲ್ಲಿ ಐದೂವರೆ ವಾಲ್ವಿನ ಎರಡನೆಯ ಜಾಲರಿಯಾದ ಸ್ಕ್ರೀನ್ ಗ್ರಿಡ್ಡಿನ ಪಾಲು, ಉಳಿದ 48ರಷ್ಟು ಪ್ಲೇಟಿನದು. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 250 ವೋಲ್ಟ್ ಇದ್ದರೆ ಅದು 12 ವಾಟ್, ಅಂದರೆ ಆ ವಾಲ್ವಿನ ಗರಿಷ್ಠ ಮಿತಿ. ಯಂತ್ರ ತಯಾರಾದ ಕಾಲಕ್ಕಿಂತ ಇಂದಿನ ಮೇನ್ಸ್ ವೋಲ್ಟೇಜ್ ಹೆಚ್ಚಿದ್ದರೆ ಈ ಲೆಕ್ಕ ಸುಲಭವಾಗಿ ಮಿತಿ ಮೀರುತ್ತದೆ. ಹಾಗಾಗಿ 6.3 ವೋಲ್ಟ್ ಇರಬೇಕಾದ ಹೀಟರ್ ಸರಬರಾಜನ್ನೂ ಅಳೆದು ನೋಡುವುದು ಒಳಿತು. ಅದು 7 ವೋಲ್ಟಿನ ಹತ್ತಿರ ಬಂದಿದ್ದರೆ ವೋಲ್ಟೇಜ್ ಸೆಲೆಕ್ಟರನ್ನು ಪರಿಶೀಲಿಸಬೇಕು.

ಉಳಿದ ತೊಂದರೆಗಳನ್ನು ಕಿವಿಯೇ ಹೇಳುತ್ತದೆ. ಮೇನ್ಸ್ 50 ಹರ್ಟ್ಸ್ ಇರುವಲ್ಲಿ ಗುಂಯ್ ಎನ್ನುವ ಸದ್ದು 100 ಹರ್ಟ್ಸಿನ ಒರಟು ಸದ್ದಾಗಿದ್ದರೆ ಫಿಲ್ಟರ್ ಕೆಪಾಸಿಟರ್‌ಗಳನ್ನು ನೋಡಬೇಕು. 50 ಹರ್ಟ್ಸಿನ ಮೃದುವಾದ, ತಗ್ಗಿನ ಸದ್ದಾಗಿದ್ದರೆ ಹೀಟರಿನಿಂದ ಕ್ಯಾಥೋಡಿಗೆ ಸೋರಿಕೆಯೋ ಅರ್ಥಿಂಗಿನ ದೋಷವೋ ಇರುತ್ತದೆ. 60 ಹರ್ಟ್ಸ್ ಇರುವಲ್ಲಿ ಇವು 120 ಮತ್ತು 60. ಸಿಡಿಸಿಡಿ ಎಂಬ ಸದ್ದಿಗೆ ಹಳೆಯ ಕಾರ್ಬನ್ ರೆಸಿಸ್ಟರ್‌ಗಳೂ ಕೊಳೆಯಾದ ವಾಲ್ವ್ ಪಿನ್‌ಗಳೂ ಕಾರಣ. ಪೆನ್ಸಿಲಿನಿಂದ ತಟ್ಟಿದಾಗ ಗಂಟೆಯಂತೆ ದನಿಗೊಡುವ ವಾಲ್ವನ್ನು ಮೊದಲ ಹಂತದಿಂದ ತೆಗೆಯಬೇಕು. ಗಾಜಿನ ತುದಿಯ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಆ ವಾಲ್ವಿನೊಳಗೆ ಗಾಳಿ ಹೊಕ್ಕಿದೆ, ಅದಕ್ಕೆ ದುರಸ್ತಿಯಿಲ್ಲ.

ಸ್ಪೀಕರಿನ ಕಡೆಯೂ ಪ್ರಶ್ನೆ ಇದೇ, ಉತ್ತರವೂ ಇದೇ: ಮೊದಲು ಕೈಯಿಂದ ಮತ್ತು ಕಣ್ಣಿನಿಂದ ನೋಡಬೇಕು. ಕೋನಿನ ಸುತ್ತ ಫೋಮಿನ ಅಂಚು ಇದ್ದರೆ ಅದು ಬೆರಳು ತಗುಲಿದೊಡನೆ ಪುಡಿಯಾಗಬಹುದು, ಏಕೆಂದರೆ ಆ ಪಾಲಿಯುರೆಥೇನ್ ಗಾಳಿಯ ತೇವದಿಂದ ವರ್ಷಗಳಲ್ಲಿ ಶಿಥಿಲವಾಗುತ್ತದೆ. ಅಂಚು ಹರಿದ ಸ್ಪೀಕರನ್ನು ನುಡಿಸಿದರೆ ಕೋನಿಗೆ ಅಂಟಿದ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ವಾಲಿ, ಅಯಸ್ಕಾಂತದ ಸಂದಿಗೆ ಉಜ್ಜಿ ಹಾಳಾಗುತ್ತದೆ. ಹೊಸ ಫೋಮ್ ಅಂಟಿಸುವಾಗ ಕಾಯಿಲನ್ನು ಸಂದಿಯ ನಟ್ಟನಡುವೆ ನಿಲ್ಲಿಸುವುದೇ ಇಡೀ ಕೆಲಸದ ಜೀವಾಳ. ನಾನು ಕೋನಿನ ನಡುವಿನ ಮುಚ್ಚಳವಾದ ಡಸ್ಟ್ ಕ್ಯಾಪ್ ಬಿಡಿಸಿ, ಪ್ಲಾಸ್ಟಿಕ್ ಹಾಳೆಯ ಪಟ್ಟಿಗಳನ್ನು ಸಂದಿಯಲ್ಲಿ ಸುತ್ತಲೂ ತೂರಿಸಿ, ಅಂಟು ಪೂರ್ತಿ ಒಣಗಿದ ಮೇಲೆ ತೆಗೆಯುತ್ತೇನೆ. ಬಟ್ಟೆಯ ಅಂಚು ಇರುವವು ಬೇರೆ ಜಾತಿ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಸ್ಪೀಕರಿನ ಮೂಲಕ ತಂದ ವಿನ್ಯಾಸದಲ್ಲಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಕೋನಿಗೆ ಸ್ಪ್ರಿಂಗ್. ಅಂತಹ ಪೆಟ್ಟಿಗೆಯಲ್ಲಿ ಕೋನನ್ನು ಬೆರಳ ತುದಿಗಳಿಂದ ಸಮನಾಗಿ ಒತ್ತಿ ಬಿಟ್ಟಾಗ ಅದು ನಿಧಾನವಾಗಿ ಹಿಂದಿರುಗಬೇಕು. ಥಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ. ಬಟ್ಟೆಗೆ ಗಟ್ಟಿಯಾಗುವ ಅಂಟು ಬಳಿದು ಸೋರಿಕೆ ನಿಲ್ಲಿಸಿದವರ ಕೆಲಸವನ್ನು ನಾನು ನೋಡಿದ್ದೇನೆ. ಸೋರಿಕೆಯ ಜೊತೆಗೆ ಬೇಸ್ ಸಹ ನಿಂತುಹೋಗಿತ್ತು.

8 ಓಮ್‌ನ ಸ್ಪೀಕರ್ ಮೀಟರಿನಲ್ಲಿ ಸಾಮಾನ್ಯವಾಗಿ ಐದೂವರೆಯಿಂದ ಏಳು ಓಮ್ ತೋರಿಸುತ್ತದೆ, ಅದು ದೋಷವಲ್ಲ. 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಕೋನ್ ಮುಂದೆ ಬರುತ್ತದೆಯೋ ಹಿಂದೆ ಸರಿಯುತ್ತದೆಯೋ ಎಂಬುದರಿಂದ ಪೊಲಾರಿಟಿ ತಿಳಿಯುತ್ತದೆ. ಜೆಬಿಎಲ್ ಕಂಪನಿಯ ಹಳೆಯ ಡ್ರೈವರ್‌ಗಳಲ್ಲಿ (ಪೆಟ್ಟಿಗೆಯೊಳಗಿನ ಬಿಡಿ ಸ್ಪೀಕರ್‌ಗಳಲ್ಲಿ) ಕೆಂಪು ಟರ್ಮಿನಲ್‌ಗೆ ಪಾಸಿಟಿವ್ ಕೊಟ್ಟರೆ ಕೋನ್ ಹಿಂದಕ್ಕೆ ಹೋಗುವುದು ಆ ಕಾಲದ ಪದ್ಧತಿ, ಅದನ್ನು ತಿರುಗಿಸಿ ಜೋಡಿಸಲು ಹೋಗಬಾರದು. ಮೇಲಿನ ಮತ್ತು ತಗ್ಗಿನ ಸ್ವರಗಳನ್ನು ಬೇರೆ ಬೇರೆ ಡ್ರೈವರ್‌ಗಳಿಗೆ ಹಂಚುವ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್‌ಗಳು ಆಂಪ್ಲಿಫೈಯರಿನವುಗಳಂತೆಯೇ ಮುಪ್ಪಾಗುತ್ತವೆ. ಅವುಗಳ ಬದಲು ಫಿಲ್ಮ್ ಕೆಪಾಸಿಟರ್ ಹಾಕಿದಾಗ ಮೇಲಿನ ಸ್ವರಗಳ ಡ್ರೈವರ್ ಆದ ಟ್ವೀಟರ್ ತುಸು ಹರಿತವಾಗಿ ಕೇಳಿಸಿದರೆ ಸೀರೀಸ್‌ನಲ್ಲಿ ಅರ್ಧ ಓಮ್‌ನಷ್ಟು ರೆಸಿಸ್ಟರ್ ಸೇರಿಸಿ ನೋಡಬೇಕು.

ಎರಡೂ ಸಿದ್ಧವಾದ ಮೇಲೂ ಒಂದನ್ನೊಂದು ಕೂಡಲೇ ಜೋಡಿಸುವುದಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಂತಿಗಳು ದುರಸ್ತಿಯಲ್ಲಿ ಅದಲುಬದಲಾಗಿದ್ದರೆ ಫೀಡ್‌ಬ್ಯಾಕ್ ತಿರುವುಮುರುವಾಗಿ ಆಂಪ್ಲಿಫೈಯರ್ ತಾನೇ ತಾನಾಗಿ ಕಿರುಚತೊಡಗುತ್ತದೆ, ಕೆಲವೊಮ್ಮೆ ಕಿವಿಗೆ ಕೇಳಿಸದಷ್ಟು ಮೇಲಿನ ಹರ್ಟ್ಸಿನಲ್ಲಿ ಕಂಪಿಸುತ್ತದೆ, ಮತ್ತು ಸದ್ದಿಲ್ಲದೆ ಟ್ವೀಟರ್ ಸುಡುತ್ತದೆ. ಆದ್ದರಿಂದ ಆಂಪ್ಲಿಫೈಯರನ್ನು ರೆಸಿಸ್ಟರಿನ ಮೇಲೆ ಎರಡು ಮೂರು ಗಂಟೆ ಉರಿಸಿ, ಗ್ರಿಡ್ ಮತ್ತು ಕ್ಯಾಥೋಡ್ ವೋಲ್ಟೇಜ್‌ಗಳು ಬಿಸಿಯಲ್ಲೂ ಸರಿಯದೆ ನಿಂತಿವೆಯೆಂದು ನೋಡುತ್ತೇನೆ. ನಂತರ ಹೋದರೂ ಬೇಸರವಾಗದಂತಹ ಒಂದು ಸಾಧಾರಣ ಸ್ಪೀಕರಿನಲ್ಲಿ ಒಂದು ಸಂಜೆ ಕೇಳುತ್ತೇನೆ. ಆ ಹಳೆಯ ಜೋಡಿಯನ್ನು ಕಟ್ಟುವುದು ಮರುದಿನ.